ಬೆಂಗಳೂರಿನ ರಸ್ತೆ ಸುರಕ್ಷತೆ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಪೋಷಕರ ಸಭೆ, ಅಪಾರ್ಟ್‌ಮೆಂಟ್ ಮೀಟಿಂಗ್, ಆಟೊ ಸ್ಟ್ಯಾಂಡ್, ಕಾಲೇಜು. ರಸ್ತೆ ಸುರಕ್ಷತೆಯ ಮಾತು ಎಲ್ಲಿ ಎತ್ತಿದರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ನಮಗೆ ಬರುವ ಪತ್ರಗಳಲ್ಲೂ ಇವೇ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟು, ಬೆಂಗಳೂರಿನ ಮಟ್ಟಿಗೆ ಉತ್ತರ ಬರೆದಿದ್ದೇವೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಬೆಂಗಳೂರಲ್ಲಿ ಟ್ರಾಫಿಕ್ಕೇ ಕದಲಲ್ಲ. ಇನ್ನು ಆಕ್ಸಿಡೆಂಟ್‌ನಲ್ಲಿ ಸಾಯೋದು ಹೇಗೆ?

ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಹತ್ತಿರ ನಿಂತರೆ ಹಾಗೇ ಅನಿಸುತ್ತದೆ. ಆದರೆ 2023ರಲ್ಲಿ ಈ ನಗರದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡವರು 900ಕ್ಕೂ ಜಾಸ್ತಿ. ಅಂದರೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಸಾವು. ಹಗಲೆಲ್ಲ ಜಾಮ್ ಆಗಿರುವ ಹೊರವರ್ತುಲ ರಸ್ತೆ, ತುಮಕೂರು ರಸ್ತೆ, ಬಳ್ಳಾರಿ ರಸ್ತೆಗಳೇ ರಾತ್ರಿ ಹತ್ತು ಹನ್ನೊಂದರ ಮೇಲೆ ಖಾಲಿಯಾಗುತ್ತವೆ. ಆಗ ಎಲ್ಲರಿಗೂ ಮನೆ ಸೇರುವ ಅವಸರ. ನೈಸ್ ರಸ್ತೆಯಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಬೈಕ್‌ಗಳನ್ನು 2022ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ.

ಇನ್ನೊಂದು ವಿಷಯ. ಸಾಯುವವರಲ್ಲಿ ಹೆಚ್ಚಿನವರು ಕಾರಿನಲ್ಲಿ ಕೂತವರಲ್ಲ. ಬೈಕ್, ಸ್ಕೂಟರ್ ಮೇಲಿದ್ದವರು ಮತ್ತು ನಡೆದುಹೋಗುತ್ತಿದ್ದವರು. ನಡೆಯುವವರ ಪಾಲೇ ಸುಮಾರು ಮೂರರಲ್ಲಿ ಒಂದು. ಬಸ್ ಇಳಿದು ರಸ್ತೆ ದಾಟುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಬೆಳಗ್ಗೆ ಹಾಲು ತರಲು ಹೊರಟ ಹಿರಿಯರು. ಬೆಂಗಳೂರಿನಲ್ಲಿ ಜಾಗೃತಿ ಮೂಡಿಸಲು ಹೊರಡುವವರು ಮೊದಲು ಇವರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು ಅಂತ ನಮ್ಮ ಬಲವಾದ ಅಭಿಪ್ರಾಯ.

ಪಕ್ಕದ ಬೀದಿ ಅಂಗಡಿಗೆ ಹೋಗೋಕೂ ಹೆಲ್ಮೆಟ್ ಹಾಕ್ಬೇಕಾ?

ಹಾಕಬೇಕು. ಸ್ಕೂಟರ್‌ನಿಂದ ಬಿದ್ದಾಗ ತಲೆ ನೆಲಕ್ಕೆ ಅಪ್ಪಳಿಸುವುದು ನೀವು ಕೂತ ಎತ್ತರದಿಂದ. ಅಂಗಡಿ ಹತ್ತಿರ ಇದೆ ಅಂತ ಆ ಎತ್ತರ ಕಡಿಮೆಯಾಗುವುದಿಲ್ಲ. ನಾಯಿ ಅಡ್ಡ ಬಂತು, ಮರಳಿನ ಮೇಲೆ ಚಕ್ರ ಜಾರಿತು, ಯಾರೋ ಕಾರಿನ ಬಾಗಿಲು ತೆಗೆದರು. ಇಷ್ಟು ಸಾಕು.

ಹೆಲ್ಮೆಟ್‌ನಿಂದ ಸಾವಿನ ಅಪಾಯ ಸುಮಾರು 42 ಶೇಕಡಾ, ತಲೆಗೆ ಪೆಟ್ಟಾಗುವ ಅಪಾಯ ಸುಮಾರು 69 ಶೇಕಡಾ ಇಳಿಯುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ್ದಾರೆ. ಆದರೆ ಆ ಹೆಲ್ಮೆಟ್ ಸರಿಯಾದದ್ದಾಗಿರಬೇಕು. ಪೊಲೀಸರಿಗೆ ತೋರಿಸಲು ಹಾಕುವ ಹಾಫ್ ಹೆಲ್ಮೆಟ್ ನಿಮ್ಮನ್ನು ದಂಡದಿಂದಲೂ ಉಳಿಸುವುದಿಲ್ಲ, ಪೆಟ್ಟಿನಿಂದಲೂ ಉಳಿಸುವುದಿಲ್ಲ. ಐಎಸ್‌ಐ ಗುರುತು ಮತ್ತು ಐಎಸ್ 4151 ಅನ್ನುವ ಸಂಖ್ಯೆ ನೋಡಿ ಕೊಳ್ಳಿ. ಒಳಗಿನ ದಪ್ಪ ಥರ್ಮಾಕೋಲ್ ಪದರವೇ ಪೆಟ್ಟನ್ನು ಹೀರಿಕೊಳ್ಳುವುದು. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್‌ನಲ್ಲಿ ಆ ಪದರ ಅದುಮಿಹೋಗಿರುತ್ತದೆ. ಹೊರಗೆ ಗೀರೂ ಕಾಣದಿದ್ದರೂ ಬದಲಾಯಿಸಿ.

ಪಟ್ಟಿ ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿ ನೋಡಿ. ಹಿಂದಿನಿಂದ ಕೈ ಹಾಕಿ ಹೆಲ್ಮೆಟ್ಟನ್ನು ಮೇಲಕ್ಕೆ ಎತ್ತಿ ಮುಂದಕ್ಕೆ ತಳ್ಳಿ. ಹಣೆಯ ಮೇಲಿಂದ ಜಾರಿ ಕೈಗೆ ಬಂತಾ? ಹಾಗಾದರೆ ಬೀಳುವಾಗಲೂ ಅದು ತಲೆಯಲ್ಲಿ ಇರುವುದಿಲ್ಲ. ಸಭೆಗಳಲ್ಲಿ ಇದನ್ನು ಮಾಡಿಸಿದಾಗ ಜನ ತಮ್ಮ ಪಟ್ಟಿಯನ್ನು ಅಲ್ಲೇ ಬಿಗಿ ಮಾಡಿಕೊಳ್ಳುತ್ತಾರೆ. ಎಷ್ಟು ಭಾಷಣ ಮಾಡಿದರೂ ಆಗದ ಕೆಲಸ ಅದು.

ಹಿಂದೆ ಕೂತವರಿಗೆ ಯಾಕೆ? ಮಗು ಮುಂದೆ ನಿಂತ್ಕೊಂಡ್ರೆ ಪರವಾಗಿಲ್ಲ ಅಲ್ವಾ?

ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ 2016ರಿಂದ ಹೆಲ್ಮೆಟ್ ಕಡ್ಡಾಯ. ಹೆಲ್ಮೆಟ್ ಇಲ್ಲದೆ 2022ರಲ್ಲಿ ದೇಶದಲ್ಲಿ ಸತ್ತ ಸುಮಾರು 50,000 ಮಂದಿಯಲ್ಲಿ 14,000ಕ್ಕೂ ಹೆಚ್ಚು ಜನ ಹಿಂದೆ ಕೂತವರು. ಹಿಂದೆ ಕೂತವರಿಗೆ ಹಿಡಿಯಲು ಹ್ಯಾಂಡಲ್ ಇಲ್ಲ, ಮುಂದಿನ ಗುಂಡಿ ಕಾಣುವುದಿಲ್ಲ. ಒಂದೇ ಕಡೆ ಕಾಲು ಹಾಕಿ ಕೂತ ಹೆಂಗಸರಂತೂ ಗಾಡಿ ಎಗರಿದರೆ ನೇರವಾಗಿ ಹಿಂದಕ್ಕೆ ಬೀಳುತ್ತಾರೆ. ಸೀರೆ ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕದಂತೆ ಸಿಕ್ಕಿಸಿಕೊಳ್ಳಲು ಹೇಳಿ.

ಮಗುವನ್ನು ಮುಂದೆ ನಿಲ್ಲಿಸುವುದು ದಯವಿಟ್ಟು ಬೇಡ. ಬ್ರೇಕ್ ಹಾಕಿದ ಕೂಡಲೇ ಮಗುವಿನ ಮುಖ ಹ್ಯಾಂಡಲ್‌ಗೆ ಬಡಿಯುತ್ತದೆ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಬೇಕು ಅಂತ ಕಾನೂನು ಹೇಳುತ್ತದೆ. ಅದಕ್ಕಿಂತ ಚಿಕ್ಕ ಮಕ್ಕಳನ್ನು ದೊಡ್ಡವರ ಮೈಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ, ಮಕ್ಕಳ ಹೆಲ್ಮೆಟ್, 40 ಕಿಲೋಮೀಟರ್ ಮೀರದ ವೇಗ, ಇವು 2023ರ ಫೆಬ್ರುವರಿಯಿಂದ ದೇಶದಾದ್ಯಂತ ಜಾರಿಯಲ್ಲಿರುವ ನಿಯಮ.

ಕಾರಲ್ಲಿ ಹಿಂದಿನ ಸೀಟಿಗೂ ಬೆಲ್ಟ್ ಹಾಕ್ಬೇಕಾ?

ಹೌದು, ಕಾನೂನಿನಲ್ಲಿ ಮೊದಲಿಂದಲೂ ಇದೆ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದರು. ಬೆಲ್ಟ್ ಹಾಕದವರು ಮುಂದಕ್ಕೆ ಎಸೆಯಲ್ಪಟ್ಟು ಮುಂದಿನ ಸೀಟಿನವರ ಮೇಲೂ ಬೀಳುತ್ತಾರೆ. ಸೀಟ್ ಕವರ್ ಹಾಕಿಸುವಾಗ ಹಿಂದಿನ ಬೆಲ್ಟ್‌ನ ಬಕಲ್ ಕೆಳಗೆ ಹುದುಗಿಹೋಗಿದ್ದರೆ ಇವತ್ತೇ ಹೊರಗೆ ತೆಗೆಸಿ.

40ರಲ್ಲಿ ಹೋದ್ರೇನು, 60ರಲ್ಲಿ ಹೋದ್ರೇನು? ಕಂಟ್ರೋಲ್ ನನ್ನ ಕೈಲೇ ಇರುತ್ತಲ್ವಾ?

ಒಂದು ಲೆಕ್ಕ ಮಾಡೋಣ. ಎದುರಿಗೆ ಒಬ್ಬರು ರಸ್ತೆಗೆ ಇಳಿದರು. ನೋಡಿ, ಕಾಲು ಬ್ರೇಕ್ ಮೇಲೆ ಹೋಗಲು ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ. 40ರಲ್ಲಿದ್ದ ಕಾರು ಅಷ್ಟರಲ್ಲಿ 11 ಮೀಟರ್ ಹೋಗಿರುತ್ತದೆ. ಒಣ ರಸ್ತೆ, ಒಳ್ಳೆ ಬ್ರೇಕ್ ಇದ್ದರೆ ಇನ್ನೊಂದು 9 ಮೀಟರ್‌ನಲ್ಲಿ ನಿಲ್ಲುತ್ತದೆ. ಒಟ್ಟು 20 ಮೀಟರ್.

60ರಲ್ಲಿದ್ದ ಕಾರು ಬ್ರೇಕ್ ಹಿಡಿಯುವ ಹೊತ್ತಿಗೇ ಸುಮಾರು 17 ಮೀಟರ್ ದಾಟಿರುತ್ತದೆ. ಮೊದಲನೇ ಕಾರು ಪೂರ್ತಿ ನಿಂತ ಜಾಗಕ್ಕೆ ಇದು ಬಂದಾಗ ಇದರ ವೇಗ ಇನ್ನೂ 50ರ ಮೇಲೇ. ಒಬ್ಬರು ಬೈದುಕೊಂಡು ಪಕ್ಕಕ್ಕೆ ಸರಿದು ಹೋಗುವ ಜಾಗದಲ್ಲಿ, ಇನ್ನೊಬ್ಬರು ಆಸ್ಪತ್ರೆ ಸೇರುತ್ತಾರೆ ಅಥವಾ ಅಲ್ಲೇ ಸಾಯುತ್ತಾರೆ. ಮಳೆ ಬಿದ್ದ ಮೊದಲ ಅರ್ಧ ಗಂಟೆಯಲ್ಲಿ ಎಣ್ಣೆ, ಧೂಳು ಬೆರೆತು ರಸ್ತೆ ಜಾರುತ್ತದೆ. ಆಗ ಈ ದೂರಗಳೆಲ್ಲ ಇನ್ನೂ ಜಾಸ್ತಿ. ನಡೆಯುವವರೂ ವಾಹನಗಳೂ ಬೆರೆಯುವ ಬೀದಿಗಳಲ್ಲಿ ವೇಗದ ಮಿತಿ 30 ಇರಲಿ ಅಂತ ರಸ್ತೆ ಸುರಕ್ಷತೆಯ ಜಾಗತಿಕ ಸಚಿವರ ಸಮ್ಮೇಳನದ 2020ರ ಸ್ಟಾಕ್‌ಹೋಮ್ ಘೋಷಣೆ ಕೇಳಿಕೊಂಡಿದ್ದು ಇದಕ್ಕೇ.

## ದಿನಾ ಎದುರಾಗುವ ಸಂದರ್ಭಗಳು

ಯು-ಟರ್ನ್ ಒಂದು ಕಿಲೋಮೀಟರ್ ದೂರ ಇದೆ. ನಾಲ್ಕು ಮನೆ ದಾಟೋಕೆ ರಾಂಗ್ ಸೈಡಲ್ಲಿ ಬಂದ್ರೆ ಏನು?

ಒನ್ ವೇ ದಾಟುವವರು ಗಾಡಿ ಬರುವ ಕಡೆ ಮಾತ್ರ ನೋಡುತ್ತಾರೆ. ನೀವು ಬರುವುದು ಅವರ ಬೆನ್ನ ಕಡೆಯಿಂದ. ಗೇಟಿನಿಂದ ಕಾರು ತೆಗೆಯುವವರೂ ಅಷ್ಟೇ. ಎದುರು ಬರುವ ಗಾಡಿ 40ರಲ್ಲಿ, ನೀವು 30ರಲ್ಲಿ ಇದ್ದರೆ, ಇಬ್ಬರ ನಡುವಿನ ಅಂತರ 70ರ ವೇಗದಲ್ಲಿ ಕರಗುತ್ತದೆ.

ಹಾಗಂತ ಈ ಪ್ರಶ್ನೆ ಕೇಳುವವರ ಮೇಲೆ ನಮಗೆ ಸಿಟ್ಟಿಲ್ಲ. ಡೆಲಿವರಿ ಹುಡುಗರು ನಿಮಿಷ ಎಣಿಸಿಕೊಂಡು ಓಡುತ್ತಾರೆ. ಮಧ್ಯದ ಡಿವೈಡರ್ ಮುಚ್ಚಿ, ಯು-ಟರ್ನ್ ದೂರ ತಳ್ಳಿದಾಗ ಜನ ಹತ್ತಿರದ ದಾರಿ ಹುಡುಕುತ್ತಾರೆ. ಒಂದೇ ಜಾಗದಲ್ಲಿ ದಿನಾ ನೂರಾರು ಜನ ರಾಂಗ್ ಸೈಡ್ ಬರುತ್ತಿದ್ದರೆ ಆ ಜಾಗದ ವಿನ್ಯಾಸದಲ್ಲೂ ಏನೋ ತಪ್ಪಿದೆ. ಸವಾರರಿಗೆ ಬುದ್ಧಿ ಹೇಳುವುದರ ಜೊತೆಗೆ ಅದನ್ನು ಸಂಚಾರ ಪೊಲೀಸರಿಗೆ ಬರೆದು ತಿಳಿಸಬೇಕು.

ಫುಟ್‌ಪಾತೇ ಇಲ್ಲ. ಇದ್ದರೂ ಅದರ ಮೇಲೆ ಬೈಕು. ಎಲ್ಲಿ ನಡೀಬೇಕು ಹೇಳಿ?

ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವಂತೆ ನಡೆಯಿರಿ. ರಾತ್ರಿ ತಿಳಿ ಬಣ್ಣದ ಬಟ್ಟೆ, ಕೈಯಲ್ಲಿ ಉರಿಯುವ ಮೊಬೈಲ್ ಟಾರ್ಚ್. ನಿಂತ ಬಸ್ಸಿನ ಮುಂದಿನಿಂದ ರಸ್ತೆ ದಾಟಬೇಡಿ, ಬಸ್ ಹೋಗಲಿ.

ಫುಟ್‌ಪಾತ್ ಮೇಲೆ ಬೈಕ್ ಓಡಿಸುವವರಿಗೆ ಒಂದು ಮಾತು: ಅಲ್ಲಿ ನಡೆಯುವವರು ಹಿಂದೆ ತಿರುಗಿ ನೋಡಬೇಕಾಗಿಯೇ ಇಲ್ಲ. ಇಡೀ ರಸ್ತೆಯಲ್ಲಿ ಅವರಿಗೆ ಉಳಿದಿರುವ ಜಾಗ ಅದೊಂದೇ.

ಮಗನಿಗೆ ಹದಿನಾರು. ಟ್ಯೂಷನ್‌ಗೆ ಸ್ಕೂಟರ್ ತಗೊಂಡು ಹೋಗ್ತಾನೆ, ಚೆನ್ನಾಗೇ ಓಡಿಸ್ತಾನೆ. ತಪ್ಪಾ?

ತಪ್ಪು, ಮತ್ತು ಕಾನೂನಿನಲ್ಲಿ ಅದರ ಹೊಣೆ ನಿಮ್ಮದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗನಿಗೆ 25 ತುಂಬುವವರೆಗೆ ಡಿಎಲ್ ಸಿಗುವುದಿಲ್ಲ. ಹದಿನಾರಕ್ಕೆ ಕಾನೂನು ಬಿಟ್ಟಿರುವುದು 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ, ಅದೂ ಲೈಸೆನ್ಸ್ ಪಡೆದ ಮೇಲೆ. ಮನೆಯಲ್ಲಿರುವ 110, 125 ಸಿಸಿ ಸ್ಕೂಟರ್‌ಗಳು ಅದರಲ್ಲಿ ಬರುವುದಿಲ್ಲ.

"ಚೆನ್ನಾಗೇ ಓಡಿಸ್ತಾನೆ" ಅನ್ನುವುದನ್ನು ನಾವು ನಂಬುತ್ತೇವೆ. ಆ ವಯಸ್ಸಿನಲ್ಲಿ ಕೈಗೆ ಗಾಡಿ ಬಾಗುತ್ತದೆ. ಹಿಂದೆ ಇಬ್ಬರು ಸ್ನೇಹಿತರು ಕೂತು "ಎಳಿ ಮಗಾ" ಅಂದಾಗ ಬೇಡ ಅನ್ನುವ ಗಟ್ಟಿತನ ಬರುವುದು ನಿಧಾನ. ಬಿಎಂಟಿಸಿ ಪಾಸ್ ಮಾಡಿಸಿ ಕೊಡಿ.

ಎರಡೇ ಬಿಯರ್. ಅಷ್ಟಕ್ಕೆಲ್ಲ ಮಷಿನ್‌ನಲ್ಲಿ ಬರಲ್ಲ ಅಲ್ವಾ?

100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಕೇಸು. ಎರಡು ಬಿಯರ್ ಕುಡಿದ ಹೆಚ್ಚಿನವರು ಇದನ್ನು ದಾಟಿರುತ್ತಾರೆ. ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು ಆಗಬಹುದು. ನಿಂಬೆಹಣ್ಣು, ಕಾಫಿ, ತಣ್ಣೀರು ಸ್ನಾನ ಯಾವುದೂ ರಕ್ತದಲ್ಲಿನ ಆಲ್ಕೋಹಾಲ್ ಇಳಿಸುವುದಿಲ್ಲ. ಗಾಡಿ ಅಲ್ಲೇ ಬಿಟ್ಟು ಆಟೊ ಹತ್ತಿ.

ಆಕ್ಸಿಡೆಂಟ್ ಆದವರಿಗೆ ಸಹಾಯ ಮಾಡಿದ್ರೆ ನಮ್ಮ ಮೇಲೇ ಕೇಸ್ ಹಾಕ್ತಾರಂತೆ, ಹೌದಾ?

ಇಲ್ಲ. ಈ ಭಯ ಎಷ್ಟೋ ಜೀವ ತೆಗೆದಿದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇವೆ.

2016ರ ಫೆಬ್ರುವರಿಯಲ್ಲಿ ತುಮಕೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿದ ಹರೀಶ್ ಎಂಬ ಯುವಕ, ಆ ಸ್ಥಿತಿಯಲ್ಲೂ ತನ್ನ ಕಣ್ಣು ದಾನ ಮಾಡಿ ಅಂತ ಸುತ್ತ ನಿಂತವರಿಗೆ ಹೇಳಿ ಪ್ರಾಣ ಬಿಟ್ಟ. ಆ ಘಟನೆ ಇಡೀ ರಾಜ್ಯವನ್ನು ಅಲುಗಾಡಿಸಿತು. ಮರು ತಿಂಗಳೇ ಸರ್ಕಾರ ಅವನ ಹೆಸರಿನಲ್ಲಿ, ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಗೆ ನೆರವಾಗುವ ಯೋಜನೆ ತಂದಿತು. ನೆರವಿಗೆ ಬರುವವರನ್ನು ಕಾಪಾಡುವ ಮಸೂದೆಯನ್ನು ಕರ್ನಾಟಕ 2016ರಲ್ಲೇ ಅಂಗೀಕರಿಸಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿ ಅದು ಕಾಯ್ದೆಯಾಯಿತು. ದೇಶದಲ್ಲೇ ಮೊದಲು. 2016ರಲ್ಲೇ ಸುಪ್ರೀಂ ಕೋರ್ಟ್ ಕೂಡ ಈ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಈಗ ಮೋಟಾರು ವಾಹನ ಕಾಯ್ದೆಯ 134ಎ ಕಲಂನಲ್ಲೇ ಇದು ಸೇರಿದೆ. ಸಹಾಯ ಮಾಡಿದವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ಹೆಸರು, ವಿಳಾಸ ಹೇಳಲೇಬೇಕು ಅಂತ ಯಾರೂ ಒತ್ತಾಯ ಮಾಡುವಂತಿಲ್ಲ. ಆಸ್ಪತ್ರೆಯವರು ನಿಮ್ಮಿಂದ ದುಡ್ಡು ಕೇಳುವಂತಿಲ್ಲ.

ಸ್ಥಳದಲ್ಲಿ ಮಾಡಬೇಕಾದ್ದು ಇಷ್ಟು. ಮೊದಲು ಹಿಂದಿನ ಗಾಡಿಗಳನ್ನು ನಿಲ್ಲಿಸಲು ಒಬ್ಬರನ್ನು ನಿಲ್ಲಿಸಿ. 108ಕ್ಕೋ 112ಕ್ಕೋ ಕರೆ ಮಾಡಿ, ಹತ್ತಿರದ ಮೆಟ್ರೊ ಪಿಲ್ಲರ್ ನಂಬರ್, ಬಸ್ ಸ್ಟಾಪ್, ಅಂಗಡಿಯ ಹೆಸರು ಹೇಳಿ. ರಕ್ತ ಹರಿಯುವ ಕಡೆ ಶುಭ್ರ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಕತ್ತು ಅಲುಗಾಡಿಸಬೇಡಿ, ಎತ್ತಿ ಕೂರಿಸಬೇಡಿ. ನೀರು ಕುಡಿಸಬೇಡಿ. ನಮ್ಮ ಜನ ಮೊದಲು ಮಾಡುವುದೇ ಅದು, ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಪ್ರಜ್ಞೆ ತಪ್ಪುತ್ತಿರುವವರಿಗೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ.

ಖರ್ಚಿನ ಮಾತು ಬಂದರೆ: 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಲ್ಲಿ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ತೀವ್ರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ಸೇರಿಸಿದವರಿಗೆ 'ರಾಹ್-ವೀರ್' ಹೆಸರಿನಲ್ಲಿ 25,000 ರೂಪಾಯಿ ಬಹುಮಾನವೂ ಇದೆ.

ಗುದ್ದಿ ಓಡಿಹೋದ ಗಾಡಿ ಸಿಗಲೇ ಇಲ್ಲ. ಪರಿಹಾರ ಯಾರು ಕೊಡ್ತಾರೆ?

ಸರ್ಕಾರದ ಯೋಜನೆ ಇದೆ. 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಮಟ್ಟದ ಅಧಿಕಾರಿಗೆ. ಎಫ್‌ಐಆರ್ ಪ್ರತಿ ಕೈಯಲ್ಲಿರಲಿ. ಅರ್ಹರಾದ ಎಷ್ಟೋ ಮನೆಗಳಿಗೆ ಈ ವಿಷಯವೇ ತಲುಪಿಲ್ಲ. ಗೊತ್ತಿರುವವರಿಗೆ ತಿಳಿಸಿ.

## ನಮ್ಮ ಏರಿಯಾದಲ್ಲಿ ಜಾಗೃತಿ ಮೂಡಿಸಬೇಕು ಅಂದ್ರೆ

ಜಾಥಾ, ಬೀದಿ ನಾಟಕ, ಬ್ಯಾನರ್ ಎಲ್ಲ ಮಾಡ್ತೀವಿ. ಜನ ಬದಲಾಗ್ತಾರಾ?

ಅದೊಂದರಿಂದಲೇ ಆಗುವುದಿಲ್ಲ. ಜನವರಿಯ ರಸ್ತೆ ಸುರಕ್ಷತಾ ಮಾಸದಲ್ಲಿ ಮಕ್ಕಳು ಬ್ಯಾನರ್ ಹಿಡಿದು ಹೋಗುತ್ತಾರೆ, ಫೋಟೊ ಬರುತ್ತದೆ, ಫೆಬ್ರುವರಿಗೆ ಎಲ್ಲ ಮರೆತುಹೋಗುತ್ತದೆ. ಹೆಲ್ಮೆಟ್ ಹಾಕಬೇಕು ಅಂತ ಗೊತ್ತಿಲ್ಲದವರು ಬೆಂಗಳೂರಿನಲ್ಲಿ ಯಾರಿದ್ದಾರೆ? ಗೊತ್ತಿದ್ದೂ ಮಾಡದಿರಲು ಬೇರೆ ಬೇರೆ ಕಾರಣ ಇವೆ. ಆಫೀಸಿನಲ್ಲಿ ಹೆಲ್ಮೆಟ್ ಇಡಲು ಜಾಗವಿಲ್ಲ. ಕೂದಲು ಹಾಳಾಗುತ್ತದೆ ಅನ್ನುವ ಚಿಂತೆ. ಹಿಂದೆ ಕೂರುವವರಿಗೆ ಎರಡನೇ ಹೆಲ್ಮೆಟ್ ಕೊಂಡಿಲ್ಲ. ಆ ಕಾರಣ ಕೇಳಿ ತಿಳಿದುಕೊಳ್ಳುವುದೇ ಜಾಗೃತಿಯ ಮೊದಲ ಹೆಜ್ಜೆ.

ಒಂದು ಜಾಗ, ಒಂದು ಅಭ್ಯಾಸ ಆರಿಸಿಕೊಳ್ಳಿ. "ರಸ್ತೆ ಸುರಕ್ಷತೆ" ಅಂತ ದೊಡ್ಡದಾಗಿ ಹೊರಡಬೇಡಿ. "ನಮ್ಮ ಲೇಔಟಿನ ಗೇಟಿನಿಂದ ಮೇನ್ ರೋಡ್‌ವರೆಗೆ ಯಾರೂ ರಾಂಗ್ ಸೈಡ್ ಬರಬಾರದು" ಅಂತ ಹೊರಡಿ. ಅಪಾರ್ಟ್‌ಮೆಂಟಿನಲ್ಲಿ ಪಾರ್ಕಿಂಗ್ ಹತ್ತಿರ ಹೆಲ್ಮೆಟ್ ರ್‍ಯಾಕ್ ಹಾಕಿಸಿ. ಕಾರ್ಖಾನೆ, ಆಫೀಸುಗಳಲ್ಲಿ ಗೇಟಿನೊಳಗೆ ಹೆಲ್ಮೆಟ್ ಇಲ್ಲದ ಗಾಡಿ ಬಿಡದಿದ್ದರೆ ಪೋಸ್ಟರೇ ಬೇಕಾಗುವುದಿಲ್ಲ. ತಿಳಿವಳಿಕೆ ಮತ್ತು ತಪಾಸಣೆ ಜೊತೆಯಾಗಿ ನಡೆದಾಗಲೇ ಅಭ್ಯಾಸ ಬದಲಾಗುವುದು ಅಂತ ಹಲವು ದೇಶಗಳ ಅನುಭವ ಹೇಳುತ್ತದೆ.

ಶಾಲೆಯಲ್ಲಿ ಏನು ಮಾಡಬಹುದು?

ಗೇಟಿನಿಂದ ಶುರು ಮಾಡಿ. ಬೆಳಗ್ಗೆ ಎಂಟೂಕಾಲಿಗೆ ಯಾವುದೇ ಶಾಲೆಯ ಮುಂದೆ ನಿಂತು ನೋಡಿ. ಎರಡು ಸಾಲು ಕಾರು, ನಡುವೆ ವ್ಯಾನು ರಿವರ್ಸ್ ತೆಗೆಯುತ್ತಿರುತ್ತದೆ. ಅಪ್ಪ ಸ್ಕೂಟರ್ ಇಳಿಯದೆ ಕಾಲು ಊರಿ ನಿಲ್ಲುತ್ತಾರೆ, ಮಗು ರಸ್ತೆಯ ಕಡೆಗೇ ಇಳಿದು, ಬೆನ್ನಿನ ಬ್ಯಾಗ್ ಸರಿ ಮಾಡಿಕೊಳ್ಳುತ್ತಾ ಎರಡು ಕಾರಿನ ಸಂದಿಯಿಂದ ಓಡುತ್ತದೆ. ವ್ಯಾನಿನ ಡ್ರೈವರ್‌ಗೆ ಅಷ್ಟು ಎತ್ತರದ ಮಗು ಕನ್ನಡಿಯಲ್ಲಿ ಕಾಣುವುದೇ ಇಲ್ಲ.

ಪರಿಹಾರಕ್ಕೆ ಜಾಸ್ತಿ ದುಡ್ಡು ಬೇಡ. ಗೇಟಿನಿಂದ ಸ್ವಲ್ಪ ದೂರದಲ್ಲಿ ಇಳಿಸುವ ಜಾಗ ಗುರುತಿಸಿ, ಅಲ್ಲಿಂದ ನಡೆಸಿಕೊಂಡು ಹೋಗಲು ಪೋಷಕರು ಸರದಿ ಹಾಕಿಕೊಳ್ಳಿ. ವ್ಯಾನುಗಳಿಗೂ ಕಾರುಗಳಿಗೂ ಹತ್ತು ನಿಮಿಷದ ಅಂತರ ಇಡಿ. ಎಡಗಡೆಗೇ ಇಳಿಯುವುದನ್ನು ಮಕ್ಕಳಿಗೆ ತರಗತಿಯಲ್ಲಿ ಹೇಳದೆ ಗೇಟಿನಲ್ಲೇ ಅಭ್ಯಾಸ ಮಾಡಿಸಿ. ಪ್ರಬಂಧ ಸ್ಪರ್ಧೆ ಆಮೇಲೆ ಇಟ್ಟುಕೊಳ್ಳಬಹುದು.

ಸಿಗ್ನಲ್‌ನಲ್ಲಿ ಬೋರ್ಡ್ ಹಿಡಿದು ನಿಲ್ಲಬಹುದಾ?

ಆ ಭಾಗದ ಸಂಚಾರ ಪೊಲೀಸ್ ಠಾಣೆಗೆ ಮೊದಲೇ ತಿಳಿಸಿ, ಅನುಮತಿ ಪಡೆದು ನಿಲ್ಲಿ. ಫುಟ್‌ಪಾತ್ ಮೇಲೇ ಇರಿ, ಹೊಳೆಯುವ ಜಾಕೆಟ್ ಹಾಕಿ. ಗಾಡಿ ತಡೆಯುವುದು, ಕೀ ಕಿತ್ತುಕೊಳ್ಳುವುದು, ಮೊಬೈಲಿನಲ್ಲಿ ಜನರ ಮುಖ ಹಿಡಿದು ಅವಮಾನ ಮಾಡುವುದು ಬೇಡ. ಅವಮಾನವಾದವರು ಕಲಿಯುವುದಿಲ್ಲ.

ರಕ್ತ ಕಾಣೋ ವಿಡಿಯೊ ತೋರಿಸಿದ್ರೆ ಹೆದರಿ ಸರಿಹೋಗ್ತಾರಲ್ವಾ?

ಹೆದರುತ್ತಾರೆ, ಆಮೇಲೆ ಕಣ್ಣು ಮುಚ್ಚಿಕೊಳ್ಳುತ್ತಾರೆ. "ನನಗೆ ಹೀಗಾಗಲ್ಲ" ಅಂತ ಮನಸ್ಸು ತಪ್ಪಿಸಿಕೊಳ್ಳುತ್ತದೆ. ಸಭೆಯಲ್ಲಿ ಮನೆಯವರನ್ನು ಕಳೆದುಕೊಂಡವರೂ ಕೂತಿರಬಹುದು. ನಾವು ಅಂಥ ವಿಡಿಯೊ ಬಳಸುವುದಿಲ್ಲ. ಅದರ ಬದಲು ಮೇಲೆ ಹೇಳಿದ 40, 60ರ ಲೆಕ್ಕವನ್ನು ಅಂಗಳದಲ್ಲಿ ಟೇಪ್ ಹಿಡಿದು ಗೆರೆ ಎಳೆದು ತೋರಿಸುತ್ತೇವೆ. ಎರಡು ಗೆರೆಗಳ ನಡುವಿನ ದೂರದಲ್ಲಿ ನಡೆದು ನೋಡಿದ ಹುಡುಗರು ಮರುಮಾತಾಡುವುದಿಲ್ಲ.

## ಇನ್ನಷ್ಟು ಆಳಕ್ಕೆ

ತಪ್ಪೆಲ್ಲ ಬರೀ ನಮ್ದೇನಾ? ಗುಂಡಿ, ಹಂಪ್ ಬಗ್ಗೆ ಯಾಕೆ ಮಾತಾಡಲ್ಲ?

ಮಾತಾಡಲೇಬೇಕು. ನಿಯಮದ ಪ್ರಕಾರ ಸಾಮಾನ್ಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಮುಂಚೆಯೇ ಬೋರ್ಡ್, ಮೇಲೆ ಬಣ್ಣ ಇರಬೇಕು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹಾಕುವ ಕಿರಿದಾದ, ಚೂಪಾದ, ಬಣ್ಣವಿಲ್ಲದ ದಿಬ್ಬಗಳು ಬೈಕಿನವರನ್ನು ಬೀಳಿಸುತ್ತವೆ. ನಿಮ್ಮ ಬೀದಿಯವರೇ ಹಾಕಿಸಿದ್ದರೆ ಅದನ್ನು ತೆಗೆಸುವುದೂ ಜಾಗೃತಿಯ ಕೆಲಸವೇ.

ರಸ್ತೆಯ ವಿನ್ಯಾಸ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಜವಾಬ್ದಾರರಿಗೆ ಒಂದು ಲಕ್ಷದವರೆಗೆ ದಂಡ ಹಾಕಲು ಮೋಟಾರು ವಾಹನ ಕಾಯ್ದೆಯ 198ಎ ಕಲಂ ಅವಕಾಶ ಕೊಡುತ್ತದೆ. ಹಾಗೇ, 500 ಮೀಟರ್ ಉದ್ದದ ರಸ್ತೆಯಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆಗಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ದೂರು ಬರೆಯುವಾಗ ಈ ಪದ ಬಳಸಿ. ಜಾಗದ ಹೆಸರು, ಹೊತ್ತು, ಫೋಟೊ, ಆದ ಘಟನೆ ಇಷ್ಟು ಇರಲಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ, ನಿಮ್ಮದು ಯಾವುದು ಅಂತ ತಿಳಿದುಕೊಂಡು ಅಲ್ಲಿಗೇ ಬರೆಯಿರಿ. ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರಕ್ಕೆ. ಒಬ್ಬರು ಬರೆದ ದೂರಿಗಿಂತ ಬೀದಿಯವರೆಲ್ಲ ಸಹಿ ಹಾಕಿದ ದೂರಿಗೆ ಬೆಲೆ ಜಾಸ್ತಿ.

ಕ್ಯಾಮೆರಾ ಹಾಕೋದು ದಂಡ ವಸೂಲಿ ಮಾಡೋಕೆ ಅಷ್ಟೇ ಅಲ್ವಾ?

ಬೆಂಗಳೂರು-ಮೈಸೂರು ಹೆದ್ದಾರಿ ನೋಡಿ. 2023ರ ಆಗಸ್ಟ್‌ನಿಂದ ಅಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶ ನಿಂತಿತು, ವೇಗದ ಕ್ಯಾಮೆರಾಗಳು ಬಂದವು. ಮರುವರ್ಷ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಮುಖ ನೋಡದೆ, ಫೋನ್ ಕರೆಗೆ ಬಗ್ಗದೆ ಎಲ್ಲರಿಗೂ ಒಂದೇ ರೀತಿ ದಂಡ ಹಾಕುವ ಕ್ಯಾಮೆರಾ ನಮಗೆ ಇಷ್ಟ.

ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಡುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. 2023ರ ಫೆಬ್ರುವರಿಯಲ್ಲಿ ಹಾಗೆ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದರು, ಹಣವೂ ಕೋಟಿಗಟ್ಟಲೆ ಬಂತು. ಆದರೆ ಮತ್ತೆ ಮತ್ತೆ ರಿಯಾಯಿತಿ ಬರುತ್ತದೆ ಅಂತಾದರೆ ದಂಡ ಕಟ್ಟದೆ ಕಾಯುವುದೇ ರೂಢಿಯಾಗುತ್ತದೆ.

ನಾವು ಮಾಡಿದ್ದು ಪ್ರಯೋಜನ ಆಯ್ತಾ ಅಂತ ಗೊತ್ತಾಗೋದು ಹೇಗೆ?

ಎಣಿಸಿ. ಎಷ್ಟು ಕರಪತ್ರ ಹಂಚಿದಿರಿ, ಎಷ್ಟು ಜನ ಸಭೆಗೆ ಬಂದರು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಶುರು ಮಾಡುವ ಮೊದಲು ಒಂದು ಮೂಲೆಯಲ್ಲಿ ಒಂದು ಗಂಟೆ ಕೂತು, ಹಾದುಹೋಗುವ ಬೈಕ್‌ಗಳಲ್ಲಿ ಹಿಂದೆ ಕೂತ ಎಷ್ಟು ಜನ ಪಟ್ಟಿ ಬಿಗಿದ ಹೆಲ್ಮೆಟ್ ಹಾಕಿದ್ದಾರೆ ಅಂತ ಬರೆದಿಡಿ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಹೋಲಿಸಿದರೆ ತಪ್ಪು ಕಡಿಮೆ. ಮೂರು ತಿಂಗಳ ಮೇಲೆ ಅದೇ ಮೂಲೆ, ಅದೇ ವಾರ, ಅದೇ ಹೊತ್ತು. ಆರು ತಿಂಗಳಿಗೆ ಇನ್ನೊಮ್ಮೆ. ಪೊಲೀಸರು ನಿಂತಿದ್ದ ದಿನ, ಮಳೆ ಬಂದ ದಿನ, ಶಾಲೆಗೆ ರಜೆ ಇದ್ದ ದಿನ ಎಣಿಸಬೇಡಿ, ಲೆಕ್ಕ ತಪ್ಪುತ್ತದೆ.

ಒಂದು ಬೀದಿಯಲ್ಲಿ ಸಾವುಗಳ ಸಂಖ್ಯೆ ನೋಡಿ ಫಲ ಅಳೆಯಲು ಆಗುವುದಿಲ್ಲ. ದೇವರ ದಯೆ, ಅಷ್ಟು ಸಾವು ಒಂದೇ ಬೀದಿಯಲ್ಲಿ ಆಗುವುದಿಲ್ಲ. ಅದಕ್ಕೇ ಅಭ್ಯಾಸವನ್ನು ಎಣಿಸುವುದು. ಸಂಖ್ಯೆ ಏರದಿದ್ದರೆ ಅದನ್ನೂ ಹಾಗೇ ಬರೆದಿಟ್ಟು, ಹೆಲ್ಮೆಟ್ ಹಾಕದೆ ಹೋದವರಲ್ಲಿ ನಾಲ್ಕು ಜನರನ್ನು ಟೀ ಅಂಗಡಿಯಲ್ಲಿ ಮಾತಾಡಿಸಿ, ಯಾಕೆ ಅಂತ ಕೇಳಿ. ಮುಂದಿನ ಕೆಲಸ ಏನು ಅಂತ ಅವರ ಮಾತಿನಲ್ಲೇ ಸಿಗುತ್ತದೆ.